ವಾಚಿನಲ್ಲಿ ಮಾತಾಡುತ್ತಿದ್ದ ಹುಡುಗ

2020ರ ಮಾರ್ಚ್ 28ರಂದು ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ತೋರಿಸಲು ಶುರುಮಾಡಿತು. ಏಪ್ರಿಲ್ 13ಕ್ಕೆ ಹಳೆಯ ಧಾರಾವಾಹಿಗಳಿಗೆಂದೇ ಡಿಡಿ ರೆಟ್ರೋ ಎಂಬ ವಾಹಿನಿಯೂ ಬಂತು. ಅಲ್ಲಿಯವರೆಗೆ ಕಷಾಯ ಮಾಡುವ ವಿಧಾನಗಳನ್ನೇ ಹಂಚಿಕೊಳ್ಳುತ್ತಿದ್ದ ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಒಮ್ಮೆಗೇ ಎಂಬತ್ತರ ದಶಕಕ್ಕೆ ಹೋಗಿ ಕೂತಿತು. ‘ವಿಕ್ರಮ್ ಔರ್ ಬೇತಾಳ್’ ಬಂತು, ‘ಮಾಲ್ಗುಡಿ ಡೇಸ್’ ಬಂತು, ಸ್ವಾಮಿಯ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಈಗ ಏನು ಮಾಡುತ್ತಿದ್ದಾರೆ ಎಂಬ ಚರ್ಚೆಯೂ ಆಯಿತು. ಇವೆಲ್ಲ ಹೆಸರು ಗೊತ್ತಿದ್ದ ಕಾರ್ಯಕ್ರಮಗಳು. ಅಷ್ಟರಲ್ಲಿ ಶಿವಮೊಗ್ಗದಲ್ಲಿರುವ ಅಣ್ಣ ಒಂದು ಪ್ರಶ್ನೆ ಎಸೆದ: “ಒಬ್ಬ ಹುಡುಗ ವಾಚಿನಲ್ಲಿ ಮಾತಾಡಿದ್ರೆ ದೊಡ್ಡ ರೋಬೋಟ್ ಹಾರಿ ಬರ್ತಿತ್ತಲ್ಲ, ಅದರ ಹೆಸರೇನ್ರೋ?”

ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಸುಮ್ಮನಿದ್ದವರೂ ಇರಲಿಲ್ಲ.

ರಷ್ಯಾದ್ದು ಅಂದರು ಒಬ್ಬರು. ಅಮೆರಿಕದ್ದು ಅಂದರು ಇನ್ನೊಬ್ಬರು. ಅದು ಧಾರಾವಾಹಿಯೇ ಅಲ್ಲ, ಒಂದೇ ಸಿನಿಮಾವನ್ನು ತುಂಡು ತುಂಡು ಮಾಡಿ ತೋರಿಸುತ್ತಿದ್ದರು ಎಂದ ಚಿಕ್ಕಪ್ಪನ ಮಗ. ಅತ್ತೆ ಮಾತ್ರ ಬರೆಯುವ ಗೋಜಿಗೆ ಹೋಗದೆ ದನಿ ಕಳಿಸಿದರು: “ಅದು ಮುಗಿದ ದಿನ ನೀವೆಲ್ಲ ಊಟ ಬಿಟ್ಟು ಅತ್ತಿದ್ರಿ ಮಾರಾಯ್ರಾ. ಹೆಸರು ಕೇಳಿದ್ರೆ ನಾನೆಲ್ಲಿಗೆ ಹೋಗ್ಲಿ?” ಒಬ್ಬರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ಇನ್ನೊಬ್ಬರಿಗೂ ಹಾಗೇ ನೆನಪಾಗತೊಡಗಿತ್ತು. ಬೆಳಿಗ್ಗೆ ಯಾರಿಗೂ ಗೊತ್ತಿರದ ಒಂದು ಹಾಡು ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನರ ಬಾಯಲ್ಲಿತ್ತು. ಹೀಗೇ ಬಿಟ್ಟರೆ ಸಂಜೆಗೆ ಹೊಸ ಧಾರಾವಾಹಿಯೇ ತಯಾರಾಗುತ್ತದೆ ಅನ್ನಿಸಿ ನಾನು ನಡುವೆ ಬಾಯಿ ಹಾಕಿದೆ. ಇನ್ನು ಮೇಲೆ ಗುಂಪಿನಲ್ಲಿ ಯಾರೂ ಏನೂ ಹೇಳಕೂಡದು. ನಿಮಗೆ ನೆನಪಿರುವುದನ್ನು ನನಗೊಬ್ಬನಿಗೇ ಬರೆದು ಕಳಿಸಿ. ಊಹೆ ಬೇಡ, ಕಂಡದ್ದು ಮಾತ್ರ. ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಹೇಳಿಕೆ ಬರೆಸಿಕೊಳ್ಳುವ ಪೊಲೀಸರ ಕ್ರಮವನ್ನೇ ಕದ್ದು ತಂದಿದ್ದೆ.

ಈ ಒಂದು ನಿಯಮದಿಂದಲೇ ಕೆಲಸ ಕೈಗೂಡಿತು. ಬಂದ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟಾಗ ಕೆಲವು ಸಂಗತಿಗಳು ಎಲ್ಲರದರಲ್ಲೂ ಇದ್ದವು. ಹುಡುಗ ಮಾತಾಡುವುದು ಕೈಗೆ ಕಟ್ಟಿದ ವಾಚಿನಲ್ಲಿ. ರೋಬೋಟ್ ಮಾತಾಡುವುದಿಲ್ಲ, ಅದರ ಮುಖ ಅಲುಗಾಡುವುದಿಲ್ಲ. ಬೆರಳುಗಳಿಂದ ಕ್ಷಿಪಣಿ ಹಾರುತ್ತವೆ. ಕೊನೆಯಲ್ಲಿ ಅದು ಆಕಾಶಕ್ಕೆ ಹೋಗಿ ವಾಪಸು ಬರುವುದಿಲ್ಲ. ಇಷ್ಟು ಗಟ್ಟಿ. ಉಳಿದದ್ದೆಲ್ಲ ಒಬ್ಬೊಬ್ಬರದು ಒಂದೊಂದು ದಿಕ್ಕು.

ರೋಬೋಟಿನ ಬಣ್ಣವನ್ನೇ ನೋಡಿ. ಅಣ್ಣ ಬೂದು ಅಂದ. ಅವನು ನೋಡಿದ್ದು ಕಪ್ಪು ಬಿಳುಪು ಟಿವಿಯಲ್ಲಿ, ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಸಾಧ್ಯವಿರಲಿಲ್ಲ. ಚಿಕ್ಕಪ್ಪನ ಮಗನದು ಸ್ಪಷ್ಟ ಉತ್ತರ: ತಲೆ ನೀಲಿ, ನಡು ಹಳದಿ, ಕಾಲು ಹಸಿರು. ಇಂಥ ರೋಬೋಟನ್ನು ಪ್ರಪಂಚದಲ್ಲಿ ಯಾರೂ ಮಾಡಿರಲಾರರು. ಆಮೇಲೆ ಹೊಳೆಯಿತು. ಅವರ ಮನೆಯ ಟಿವಿಯ ಪರದೆಯ ಮುಂದೆ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಕೂರಿಸಿದ್ದರು. ಕಪ್ಪು ಬಿಳುಪು ಟಿವಿಯನ್ನು ಕಲರ್ ಟಿವಿ ಮಾಡುವ ಆ ಕಾಲದ ಅಗ್ಗದ ಉಪಾಯ ಅದು: ಮೇಲೆ ಆಕಾಶಕ್ಕೆ ನೀಲಿ, ಕೆಳಗೆ ಹುಲ್ಲಿಗೆ ಹಸಿರು, ನಡುವೆ ಮನುಷ್ಯರಿಗೆ ಹಳದಿ. ವಾರ್ತೆ ಓದುವವರ ತಲೆಗೂದಲೂ ನೀಲಿಯಾಗಿಯೇ ಕಾಣುತ್ತಿತ್ತು. ಅವನ ನೆನಪು ತೀರಾ ಪ್ರಾಮಾಣಿಕವಾದದ್ದು, ಕಣ್ಣಿಗೆ ಕಂಡದ್ದನ್ನು ಹಾಗೇ ಕಾದಿಟ್ಟಿತ್ತು.

ಇನ್ನೊಂದು ಕಿರೀಟದ ಕತೆ. ಕುಂದಾಪುರದ ಕಡೆ ಬೆಳೆದ ಅತ್ತಿಗೆ, ರೋಬೋಟಿನ ತಲೆಯ ಮೇಲೆ ಯಕ್ಷಗಾನದ ವೇಷದಂಥ ಕಿರೀಟವಿತ್ತು, ಕಿವಿಯ ಪಕ್ಕದಲ್ಲಿ ಇಳಿಬಿದ್ದ ಪಟ್ಟಿಗಳೂ ಇದ್ದವು ಎಂದು ಬರೆದಿದ್ದಳು. ಅದನ್ನು ಓದಿ ನಾನು ನಕ್ಕು ಬದಿಗಿಟ್ಟಿದ್ದೆ. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಹೇಳಿಕೆಗಳಲ್ಲೆಲ್ಲ ಅತ್ಯಂತ ಬೆಲೆಬಾಳುವ ಸಾಲು ಅದೇ ಆಗಿತ್ತು.

ಭಾಷೆಯದು ಇನ್ನೂ ಮಜಾ. ನಮ್ಮೆಲ್ಲರ ನೆನಪಿನಲ್ಲೂ ಆ ಹುಡುಗ ಕನ್ನಡ ಮಾತಾಡುತ್ತಾನೆ. “ರೋಬೋಟ್, ಹಾರು” ಅನ್ನುತ್ತಾನೆ. ಅವನು ಕನ್ನಡ ಮಾತಾಡಲು ಸಾಧ್ಯವೇ ಇರಲಿಲ್ಲ. 1984ರ ಆಸುಪಾಸಿನಲ್ಲಿ ದೇಶದ ತುಂಬ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಅವು ಬಿತ್ತರಿಸುತ್ತಿದ್ದದ್ದು ದೆಹಲಿಯಿಂದ ಬಂದದ್ದನ್ನು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದೇ ಶುರುವಾಗಿದ್ದರೂ ನಮ್ಮ ಮಲೆನಾಡಿನ ಊರಿಗೆ ಅದರ ಕನ್ನಡ ಬಹಳ ಕಾಲ ತಲುಪಲಿಲ್ಲ. ನಾವು ಅರ್ಥವಾದಷ್ಟು ಅರ್ಥಮಾಡಿಕೊಂಡು, ಟಿವಿ ಆರಿಸಿದ ಮೇಲೆ ಅಂಗಳಕ್ಕೆ ಇಳಿದು ಅದನ್ನೇ ಆಡುತ್ತಿದ್ದೆವು. ಚಿಕ್ಕಪ್ಪನ ಮಗ ಯಾವಾಗಲೂ ರೋಬೋಟ್, ಯಾಕೆಂದರೆ ಅವನು ದಪ್ಪಗಿದ್ದ. ಆ ಆಟ ನಡೆದದ್ದು ಕನ್ನಡದಲ್ಲಿ. ಪರದೆಯ ಮೇಲೆ ಅರ್ಧ ಗಂಟೆ ಕೇಳಿದ ಮಾತು ಅಳಿದುಹೋಗಿ ಅಂಗಳದಲ್ಲಿ ವರ್ಷಗಟ್ಟಲೆ ಆಡಿದ ಮಾತು ಉಳಿದುಕೊಂಡಿತ್ತು.

ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲೊಂದು ಪ್ರಸಿದ್ಧ ಪ್ರಯೋಗವಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಭೂತದ ಕತೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಸ್ವಲ್ಪ ಸಮಯ ಬಿಟ್ಟು, ತಿಂಗಳುಗಳು ಬಿಟ್ಟು, ಮತ್ತೆ ಮತ್ತೆ ಬರೆಸಿದರು. ಪ್ರತಿ ಸಲವೂ ಕತೆ ಸ್ವಲ್ಪ ಸ್ವಲ್ಪ ಇಂಗ್ಲೆಂಡಿನದಾಗುತ್ತ ಹೋಯಿತು. ಮರದ ದಿಮ್ಮಿ ಕೊರೆದು ಮಾಡಿದ ದೋಣಿ ಮಾಮೂಲಿ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಪರಿಚಯವಿಲ್ಲದ್ದನ್ನು ಮನಸ್ಸು ತನ್ನ ಮನೆಯಲ್ಲಿರುವ ಸಾಮಾನಿನಿಂದ ಪುನಃ ಕಟ್ಟಿಕೊಳ್ಳುತ್ತದೆ. ಇದು ಗೊತ್ತಿದ್ದರೆ ಹೇಳಿಕೆಗಳನ್ನು ಓದುವ ಕ್ರಮವೇ ಬದಲಾಗುತ್ತದೆ. ಅತ್ತಿಗೆ ಯಕ್ಷಗಾನದ ಕಿರೀಟ ಅಂದರೆ, ಅಲ್ಲಿ ಕಿರೀಟ ಇರಲಿಲ್ಲ ಎಂದು ತಳ್ಳಿಹಾಕುವ ಹಾಗಿಲ್ಲ. ಕುಂದಾಪುರದ ಹುಡುಗಿಗೆ ಹೆಸರು ಗೊತ್ತಿಲ್ಲದ, ಕಿರೀಟಕ್ಕೆ ಹತ್ತಿರದ ಏನೋ ಒಂದು ಆ ತಲೆಯ ಮೇಲೆ ಇತ್ತು ಎಂದು ಓದಿಕೊಳ್ಳಬೇಕು.

ಹುಡುಕಾಟ ಜಪಾನಿನತ್ತ ತಿರುಗಿದ್ದು ಸಹಜವಾಗಿಯೇ. ದೊಡ್ಡ ದೈತ್ಯರು ನಗರಗಳನ್ನು ತುಳಿದು ಹಾಕುವ ಕಾರ್ಯಕ್ರಮಗಳನ್ನು ಅರವತ್ತರ ದಶಕದಲ್ಲಿ ಜಪಾನಿನವರಷ್ಟು ಹುರುಪಿನಿಂದ ಯಾರೂ ಮಾಡಲಿಲ್ಲ. ಮೊದಲು ಎದುರಾದದ್ದು 1966ರ ‘ಅಲ್ಟ್ರಾಮನ್’. ಚಿಕ್ಕಪ್ಪನ ಮಗ ಇದೇ ಇದೇ ಎಂದು ಕುಣಿದ. ಆದರೆ ಅಲ್ಲಿ ಮನುಷ್ಯನೇ ದೈತ್ಯನಾಗಿ ಬದಲಾಗುತ್ತಾನೆ. ವಾಚಿಲ್ಲ, ರೋಬೋಟನ್ನು ಕರೆಯುವ ಹುಡುಗನಿಲ್ಲ. ಬಿಟ್ಟೆವು. ಆಮೇಲೆ ಸಿಕ್ಕಿದ್ದು ‘ಟೆಟ್ಸುಜಿನ್ 28’. ಹುಡುಗ ಇದ್ದಾನೆ, ದೊಡ್ಡ ರೋಬೋಟ್ ಇದೆ, ಹುಡುಗ ಹೇಳಿದ ಹಾಗೆ ರೋಬೋಟ್ ಕೇಳುತ್ತದೆ. 1956ರಲ್ಲಿ ಚಿತ್ರಕತೆಯಾಗಿ ಶುರುವಾಗಿ, 1963ರಲ್ಲಿ ಕಾರ್ಟೂನಾಗಿ ಟಿವಿಗೆ ಬಂದು, ಅಮೆರಿಕಕ್ಕೆ ‘ಗಿಗಾಂಟರ್’ ಎಂಬ ಹೆಸರಿನಲ್ಲಿ ಹೋದದ್ದು. ಬಹುಮತ ಇದಕ್ಕೇ ಬಿತ್ತು. ಕೇಸು ಮುಚ್ಚೋಣ ಎಂದರು. ಅಣ್ಣ ಒಪ್ಪಲಿಲ್ಲ. “ಇದು ಕಾರ್ಟೂನ್ ಕಣೋ. ನಮ್ಮದ್ರಲ್ಲಿ ನಿಜವಾದ ಮನುಷ್ಯರಿದ್ರು. ಇವನ ಕೈಯಲ್ಲಿ ಡಬ್ಬಿ ಇದೆ, ವಾಚೆಲ್ಲಿ?”

ಅವನು ಹೇಳಿದ್ದು ಸರಿ. ಟೆಟ್ಸುಜಿನ್‌ನ ಹುಡುಗ ರೋಬೋಟನ್ನು ನಡೆಸುವುದು ಒಂದು ರಿಮೋಟ್ ಪೆಟ್ಟಿಗೆಯಿಂದ. ಆದರೂ ಈ ದಾರಿಯನ್ನು ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಹುಡುಗ ಮತ್ತು ರೋಬೋಟ್ ಎಂಬ ಜೋಡಿಯನ್ನು ಒಮ್ಮೆ ಮಾಡಿ ಗೆದ್ದವನು ಅದನ್ನು ಇನ್ನೊಮ್ಮೆ ಮಾಡದೆ ಬಿಟ್ಟಾನೆಯೇ? ನಮ್ಮ ಸಿನಿಮಾದವರು ಬಿಡುವುದಿಲ್ಲ, ಜಪಾನಿನವರು ಯಾಕೆ ಬಿಡಬೇಕು? ಟೆಟ್ಸುಜಿನ್ ಬರೆದ ಚಿತ್ರಕಾರ ಮಿತ್ಸುತೆರು ಯೊಕೊಯಾಮಾ ಅವರ ಕೃತಿಗಳ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದೆ. 1967ನೇ ಇಸವಿಯ ಎದುರಿಗೆ ‘ಜೈಂಟ್ ರೋಬೋ’ ಎಂದಿತ್ತು.

ಚಿತ್ರ ತೆರೆದುಕೊಂಡ ಕೂಡಲೇ ಯಾರೂ ಏನೂ ಹೇಳಬೇಕಾಗಲಿಲ್ಲ. ಅಲುಗಾಡದ ಉಕ್ಕಿನ ಮುಖ, ನೆಟ್ಟ ನೋಟ. ತಲೆಯ ಮೇಲೆ ಈಜಿಪ್ಟಿನ ಫೇರೋ ದೊರೆಗಳ ಶಿರವಸ್ತ್ರ, ಅದರ ಎರಡು ಪಟ್ಟಿಗಳು ಕಿವಿಯ ಪಕ್ಕದಿಂದ ಹೆಗಲಿನವರೆಗೆ ಇಳಿದಿವೆ. ಅತ್ತಿಗೆಯ ಕಿರೀಟ ಇದೇ.

ಆದರೂ ಚಿತ್ರ ನೋಡಿ ಹೌದು ಅನ್ನಿಸುವುದು ಪುರಾವೆಯಲ್ಲ. ಅಲ್ಟ್ರಾಮನ್ ನೋಡಿದಾಗಲೂ ಹಾಗೇ ಅನ್ನಿಸಿತ್ತು. ಪುರಾವೆ ಬೇಕಾದರೆ, ನಾವು ಹುಡುಕುವಾಗ ಬಳಸದೇ ಇದ್ದ ಒಂದು ನೆನಪು ಅಲ್ಲಿ ಹೊಂದಬೇಕು. ಅಣ್ಣನ ಹೇಳಿಕೆಯ ಕೊನೆಯಲ್ಲಿ ಅಂಥದ್ದೊಂದು ಸಾಲಿತ್ತು: ‘ಒಂದು ಸಲ ಬರೀ ಒಂದು ದೊಡ್ಡ ಕಣ್ಣು ಬಂತು, ಇನ್ನೊಂದು ಸಲ ಬರೀ ಕೈ. ರಾತ್ರಿ ಬಚ್ಚಲಿಗೆ ಹೋಗಲು ಹೆದರಿಕೆಯಾಗುತ್ತಿತ್ತು.’ ‘ಜೈಂಟ್ ರೋಬೋ’ದ ರಾಕ್ಷಸರಲ್ಲಿ ದೈತ್ಯಾಕಾರದ ಕಣ್ಣುಗುಡ್ಡೆಯೊಂದಿದೆ, ದೈತ್ಯಾಕಾರದ ಕೈಯೂ ಒಂದಿದೆ. ಅಲ್ಲಿಗೆ ಅನುಮಾನ ಮುಗಿಯಿತು.

ಇಷ್ಟು ಸಿಕ್ಕಿದ ಮೇಲೆ ಉಳಿದದ್ದು ತಾನಾಗಿಯೇ ಬಿಚ್ಚಿಕೊಂಡಿತು. ಟೋಯೆ ಕಂಪನಿ ತಯಾರಿಸಿದ ಈ ಸರಣಿ ಜಪಾನಿನಲ್ಲಿ 1967ರ ಅಕ್ಟೋಬರ್ 11ರಿಂದ 1968ರ ಏಪ್ರಿಲ್ 1ರವರೆಗೆ ಪ್ರಸಾರವಾಯಿತು. ಒಟ್ಟು 26 ಕಂತು. ಹುಡುಗನ ಮೂಲ ಹೆಸರು ದೈಸಾಕು. ಅಮೆರಿಕದವರು ಇಂಗ್ಲಿಷಿಗೆ ಡಬ್ ಮಾಡುವಾಗ ಅವನನ್ನು ಜಾನಿ ಸೊಕ್ಕೊ ಮಾಡಿದರು, ಸರಣಿಗೂ ಅವನದೇ ಹೆಸರಿಟ್ಟರು. ಭಾರತದಲ್ಲಿ ಅದು ‘ಜೈಂಟ್ ರೋಬೋಟ್’ ಎಂದೇ ಮಕ್ಕಳ ಬಾಯಲ್ಲಿ ಉಳಿಯಿತು. ಎಂದರೆ ನಾವು ಹೊಚ್ಚ ಹೊಸದೆಂದು ಬಾಯಿ ಬಿಟ್ಟು ನೋಡಿದ್ದು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಳೆಯ ಸರಕು. ಜಪಾನಿನಲ್ಲಿ ಅದನ್ನು ನೋಡಿ ಬೆಳೆದ ಮಕ್ಕಳು ಆ ಹೊತ್ತಿಗೆ ಆಫೀಸಿಗೆ ಹೋಗುತ್ತಿದ್ದರು.

ಅದನ್ನು ಮತ್ತೆ ನೋಡಿದೆವೋ? ನೋಡಿದೆವು. ವಯಸ್ಸಾದವರ ಕಣ್ಣಿಗೆ ಎಲ್ಲ ಗುಟ್ಟೂ ಕಾಣುತ್ತದೆ. ರೋಬೋಟಿನ ಒಳಗೆ ಮನುಷ್ಯನಿದ್ದಾನೆ, ನಡೆಯುವಾಗ ಅವನಿಗೆ ದಾರಿ ಸರಿಯಾಗಿ ಕಾಣುತ್ತಿಲ್ಲ. ಸುಡುವ ಊರು ಮೇಜಿನ ಮೇಲಿನ ಆಟಿಕೆ. ಆದರೆ ಕತೆ ಕಟ್ಟಿದ ರೀತಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ. ಬೇರೆ ಗ್ರಹದಿಂದ ಬಂದ ಗಿಲೊಟಿನ್ ಚಕ್ರವರ್ತಿ ಒಬ್ಬ ವಿಜ್ಞಾನಿಯನ್ನು ಸೆರೆಹಿಡಿದು ರೋಬೋಟ್ ಕಟ್ಟಿಸುತ್ತಾನೆ. ಹಡಗು ಮುಳುಗಿ ಅದೇ ದ್ವೀಪಕ್ಕೆ ಬಂದು ಬಿದ್ದ ಹುಡುಗನ ಕೈಗೆ ಅದನ್ನು ನಡೆಸುವ ವಾಚು ಸೇರುತ್ತದೆ. ಮೊದಲು ದಾಖಲಾದ ದನಿ ಅವನದಾದ್ದರಿಂದ ಇನ್ನು ಯಾರು ಕರೆದರೂ ರೋಬೋಟ್ ಕೇಳುವುದಿಲ್ಲ. ದೊಡ್ಡವರ ಗುಪ್ತಚರ ಸಂಸ್ಥೆಯೊಂದು ಬೇರೆ ದಾರಿಯಿಲ್ಲದೆ ಒಬ್ಬ ಶಾಲಾ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ. ಹತ್ತು ವರ್ಷದ ಹುಡುಗರಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಕೊನೆಯ ಕಂತಿನಲ್ಲಿ ಚಕ್ರವರ್ತಿಯೇ ದೈತ್ಯಾಕಾರ ತಾಳಿ ಎದುರಿಗೆ ನಿಲ್ಲುತ್ತಾನೆ. ಅವನ ದೇಹವೇ ಅಣುಶಕ್ತಿ, ಅವನನ್ನು ಹೊಡೆದರೆ ಭೂಮಿಯೇ ಸಿಡಿಯುತ್ತದೆ. 25 ಕಂತುಗಳಲ್ಲಿ ಹುಡುಗ ಹೇಳಿದ್ದನ್ನಷ್ಟೇ ಮಾಡಿದ್ದ ರೋಬೋಟ್ ಈಗ ಹೇಳದೇ ಚಲಿಸುತ್ತದೆ. ಅವನನ್ನು ಹಿಡಿದು ಮೇಲಕ್ಕೆ ಹಾರುತ್ತದೆ. ಹುಡುಗ ವಾಚಿನಲ್ಲಿ ವಾಪಸು ಬಾ ವಾಪಸು ಬಾ ಎಂದು ಕೂಗಿದರೂ ಕೇಳದೆ, ಬಾಹ್ಯಾಕಾಶದ ಬಂಡೆಗೆ ಅಪ್ಪಳಿಸಿ ಇಬ್ಬರೂ ಸಿಡಿದುಹೋಗುತ್ತಾರೆ. ನಾವು ಊಟ ಬಿಟ್ಟು ಅತ್ತದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಅತ್ತೆಗೆ ಬರೆದೆ.

ಈ ಗೆಲುವಿನ ಹುಮ್ಮಸ್ಸಿನಲ್ಲಿ ಇನ್ನೆರಡು ಹಳೆಯ ಬಾಕಿಗಳೂ ಚುಕ್ತಾ ಆದವು. ದೊಡ್ಡ ದೊಡ್ಡ ಸ್ಪಂಜಿನ ತಲೆ ತೊಟ್ಟವರು ನೀರು ಹೊತ್ತುಕೊಂಡು ಜಾರುತ್ತ ಬೀಳುತ್ತ ಓಡುವ ಆಟ ಜರ್ಮನಿಯದು. ಹೆಸರು ‘ಟೆಲಿಮ್ಯಾಚ್’, ಊರೂರುಗಳ ನಡುವಿನ ಪಂದ್ಯಗಳಿಂದ ಆಯ್ದು ಹೊರದೇಶಗಳಿಗೆ ಕಳಿಸುತ್ತಿದ್ದದ್ದು. ಮಾತೇ ಆಡದ ಮುದ್ದು ಹೆಗ್ಗಣದಂಥ ಪ್ರಾಣಿ ಚೆಕ್ ದೇಶದ ‘ಕ್ರ್ಟೆಕ್’ ಎಂಬ ಮೋಲ್. ಜ್ದೆನೆಕ್ ಮಿಲರ್ 1957ರಲ್ಲಿ ಮಾಡಿದ ಮೊದಲ ಚಿತ್ರದಲ್ಲಿ ಅದು ತನಗೊಂದು ಚಡ್ಡಿ ಹೊಲಿಸಿಕೊಳ್ಳುತ್ತದೆ. ಅಗಸೆ ನಾರಿನಿಂದ ಬಟ್ಟೆಯಾಗುವುದು ಹೇಗೆ ಎಂದು ಮಕ್ಕಳಿಗೆ ತೋರಿಸುವುದು ಅದರ ಉದ್ದೇಶ. ಮುಂದಿನ ಚಿತ್ರಗಳಲ್ಲಿ ಮಾತನ್ನೇ ಬಿಟ್ಟು, ತಮ್ಮ ಮಗಳಂದಿರ ನಗು ಉದ್ಗಾರಗಳನ್ನೇ ಮಿಲರ್ ಅದರ ದನಿಯಾಗಿ ಬಳಸಿದರು. ಅದಕ್ಕೇ ಅದು ಮಲೆನಾಡಿನಲ್ಲೂ ನಡೆಯಿತು. ಇವೆರಡನ್ನೂ ಪತ್ತೆಹಚ್ಚಲು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಹಿಡಿಯಲಿಲ್ಲ.

ಆಗ ಚಿಕ್ಕಮ್ಮನ ಮಗಳು ಒಂದು ಮಾತು ಕೇಳಿದಳು. ಅವಳು ಬೆಳೆದದ್ದು ಬೆಂಗಳೂರಿನಲ್ಲಿ. “ನಿಮ್ಮ ಜಪಾನು, ಜರ್ಮನಿ ಎಲ್ಲ ಸಿಕ್ತು. ನಂದು ಕನ್ನಡದ್ದು, ಅದನ್ನ ಹುಡುಕಿ ಕೊಡು ನೋಡೋಣ.”

ಅವಳದು ಬೆಂಗಳೂರು ದೂರದರ್ಶನದ ಸಂಜೆಯ ಮಕ್ಕಳ ಕಾರ್ಯಕ್ರಮ. ಒಬ್ಬ ಅಕ್ಕ, ಸುತ್ತ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು, ಮೇಜಿನ ಹಿಂದಿನಿಂದ ಇಣುಕಿ ಅಧಿಕಪ್ರಸಂಗ ಮಾಡುವ ಒಂದು ಕಾಗೆಯ ಗೊಂಬೆ. ಹೆಸರು ನೆನಪಿಲ್ಲ. ನಾನು ಅದೇ ಕ್ರಮದಲ್ಲಿ ಹೊರಟೆ. ಆಗ ಬೆಂಗಳೂರಿನಲ್ಲಿ ಬೆಳೆದ ಗೆಳೆಯರಿಂದ ಬೇರೆ ಬೇರೆಯಾಗಿ ಹೇಳಿಕೆ ಪಡೆದೆ. ಕಾಗೆ ಹಲವರಿಗೆ ನೆನಪಿತ್ತು. ಹೆಸರು, ಇಸವಿ, ಒಂದು ಫೋಟೊ, ಪತ್ರಿಕೆಯ ಒಂದು ತುಣುಕು, ಏನೂ ಸಿಗಲಿಲ್ಲ. ಅರವತ್ತರ ದಶಕದಲ್ಲಿ ಟೋಕಿಯೊದಲ್ಲಿ ಮಾಡಿದ ಕಾರ್ಯಕ್ರಮದ ಒಂದೊಂದು ಕಂತಿನ ತಾರೀಖೂ ಸಿಗುತ್ತದೆ. ಎಂಬತ್ತರ ದಶಕದಲ್ಲಿ ನಮ್ಮದೇ ರಾಜಧಾನಿಯಲ್ಲಿ ಮಾಡಿದ್ದರ ಹೆಸರೂ ಸಿಗುವುದಿಲ್ಲ.

ಕಾರಣ ಹುಡುಕುತ್ತ ಹೋದರೆ ಇದು ನಮ್ಮವರ ಅಲಕ್ಷ್ಯ ಮಾತ್ರ ಅಲ್ಲ ಎನ್ನುವುದು ತಿಳಿಯುತ್ತದೆ. ವಿಡಿಯೊ ಟೇಪು ಆ ಕಾಲದಲ್ಲಿ ಬಹಳ ದುಬಾರಿ. ಒಂದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಪ್ರಪಂಚದ ಎಷ್ಟೋ ಟಿವಿ ಸಂಸ್ಥೆಗಳಲ್ಲಿ ರೂಢಿಯಾಗಿತ್ತು. ಬಿಬಿಸಿಯಂಥ ಬಿಬಿಸಿಯೇ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಮಕ್ಕಳೂ ದೊಡ್ಡವರೂ ಮುಗಿಬಿದ್ದು ನೋಡುತ್ತಿದ್ದ ‘ಡಾಕ್ಟರ್ ಹೂ’ ಸರಣಿಯ ಹಳೆಯ ಟೇಪುಗಳನ್ನು ಅಳಿಸಿಹಾಕಿತು. 1978ರ ಸುಮಾರಿಗೆ ಅಳಿಸುವುದು ನಿಂತಿತು. ಅಷ್ಟರಲ್ಲಿ ಮೊದಲ ಆರು ವರ್ಷದ ಕಂತುಗಳಲ್ಲಿ ನೂರಕ್ಕೂ ಹೆಚ್ಚು ಮಾಯವಾಗಿದ್ದವು. ಆಮೇಲೆ ಕೆಲವು ವಾಪಸು ಬಂದವು. ಎಲ್ಲಿಂದ? 1992ರಲ್ಲಿ ನಾಲ್ಕು ಕಂತಿನ ಒಂದು ಕತೆ ಇಡಿಯಾಗಿ ಹಾಂಕಾಂಗ್‌ನಿಂದ. 2013ರಲ್ಲಿ ಒಂಬತ್ತು ಕಂತು ನೈಜೀರಿಯಾದ ಜೋಸ್ ಎಂಬ ಊರಿನ ಟಿವಿ ಕೇಂದ್ರದಿಂದ. ಫಿಲಿಪ್ ಮಾರಿಸ್ ಎಂಬವರು ಅಲ್ಲಿ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಫಿಲ್ಮ್ ಡಬ್ಬಿಗಳನ್ನು ಗುರುತಿಸಿದರು. ಅದಾದ ಮೇಲೂ 97 ಕಂತು ಬಾಕಿ ಉಳಿದವು. ಆದರೆ ಅಳಿಸಿಹೋದ ಪ್ರತಿಯೊಂದು ಕಂತಿನ ಧ್ವನಿ ಇವತ್ತಿಗೂ ಇದೆ. ಅದನ್ನು ಉಳಿಸಿದ್ದು ಸಂಸ್ಥೆಯಲ್ಲ, ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಆ ಕಾಲದ ಹುಡುಗರು.

ಹೊರಗೆ ಮಾರಾಟವಾದದ್ದು ಉಳಿಯಿತು, ಯಾಕೆಂದರೆ ಹತ್ತು ದೇಶಗಳಲ್ಲಿ ಹತ್ತು ಪ್ರತಿ ಇದ್ದವು. ಮನೆಯಲ್ಲಿ ಮಾಡಿ ಮನೆಯವರಿಗೆ ಮಾತ್ರ ಬಡಿಸಿದ್ದಕ್ಕೆ ಒಂದೇ ಪ್ರತಿ. ಜಾನಿ ಸೊಕ್ಕೊ ಉಳಿದು ನಮ್ಮ ಕಾಗೆ ಕಳೆದುಹೋದದ್ದರ ಗುಟ್ಟು ಇಷ್ಟೇ. ‘ಮಾಲ್ಗುಡಿ ಡೇಸ್’ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಸರಣಿಗೆ ಹೊರಗಿನ ನಿರ್ಮಾಪಕರಿದ್ದರು, ದೇಶದ ತುಂಬ ಬೇಡಿಕೆಯೂ ಇತ್ತು, ಡಿವಿಡಿಯಾಗಿ ಮನೆಮನೆಗೆ ಬಂತು.

ಇನ್ನೂ ಹಿಂದಕ್ಕೆ ಹೋದರೆ ಇನ್ನೂ ಬೇಸರವಾಗುತ್ತದೆ. ಕನ್ನಡದ ಮಕ್ಕಳಿಗೆ ಟಿವಿ ಮೊದಲು ಬಂದದ್ದು ಬೆಂಗಳೂರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಬಂದದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಟಿವಿ ಬಂತು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಹಿಂದಿ, ಕನ್ನಡ, ಒಡಿಯಾ, ತೆಲುಗು ಭಾಷೆಗಳಲ್ಲಿ ತಲಾ 22 ನಿಮಿಷ 30 ಸೆಕೆಂಡುಗಳ ಕಾರ್ಯಕ್ರಮ, ಒಟ್ಟು ಒಂದೂವರೆ ಗಂಟೆ. ಕನ್ನಡದವನ್ನು ತಯಾರಿಸುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಒಂದು ವರ್ಷವಾದ ಮೇಲೆ ಉಪಗ್ರಹವನ್ನು ವಾಪಸು ಪಡೆದರು, ಪರದೆ ಆರಿತು. ಅಂದು ಆ ಶಾಲೆಗಳಲ್ಲಿ ಕೂತಿದ್ದ ಮಕ್ಕಳಿಗೆ ಈಗ ಅರವತ್ತರ ಆಚೀಚಿನ ವಯಸ್ಸು. ತಂತಿಬಲೆಯ ಆಂಟೆನಾದ ಫೋಟೊಗಳು ಬೇಕಾದಷ್ಟು ಸಿಗುತ್ತವೆ. ಅದರ ಮೂಲಕ ಇಳಿದು ಬಂದ ಕನ್ನಡವನ್ನು ಕೇಳಿಸುವವರು ನನಗೆ ಸಿಗಲಿಲ್ಲ.

ಕಾಗೆಯ ಕತೆ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಚಿಕ್ಕಮ್ಮನ ಮಗಳ ಸೋದರಮಾವನ ಮನೆ ಮಲ್ಲೇಶ್ವರದಲ್ಲಿ. ಆ ಬೀದಿಗೆ ಮೊದಲು ಕಲರ್ ಟಿವಿಯನ್ನೂ ವಿಸಿಆರನ್ನೂ ತಂದವರು ಅವರು. ಲಾಕ್‌ಡೌನ್ ಸಡಿಲವಾದ ಮೇಲೆ ಅವರ ಮನೆ ಖಾಲಿ ಮಾಡುವಾಗ ಒಂದು ಮದುವೆಯ ಕ್ಯಾಸೆಟ್ ಸಿಕ್ಕಿತು. ಮೂರು ಗಂಟೆಯ ಟೇಪು, ಮದುವೆ ಎರಡು ಗಂಟೆಯೊಳಗೆ ಮುಗಿದಿತ್ತು. ಉಳಿದ ಜಾಗ ದಂಡವಾಗಬಾರದೆಂದು ಮಾವ ಟಿವಿಯಲ್ಲಿ ಬಂದದ್ದನ್ನೆಲ್ಲ ಅದರ ಮೇಲೆ ಹಿಡಿದಿದ್ದರು. ಡಿಜಿಟಲ್ ಮಾಡಿಸಲು ಕೊಟ್ಟಾಗ ಅಂಗಡಿಯ ಹುಡುಗ “ಕೊನೆಗೆ ಏನೋ ಹಾಳುಮೂಳು ಇದೆ, ಕಟ್ ಮಾಡ್ಲಾ ಮೇಡಂ?” ಎಂದು ಕೇಳಿದನಂತೆ. ಬೇಡ ಎಂದಳು, ಪುಣ್ಯಕ್ಕೆ.

ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಪರದೆ ಕಪ್ಪಾಗಿ, ಒಂದಷ್ಟು ಗೆರೆಗಳು ಓಡಿ, ಒಂದು ಕ್ರಿಕೆಟ್ ಪಂದ್ಯದ ಚೂರು ಬರುತ್ತದೆ. ಆಮೇಲೆ ಒಂದು ಸೋಪಿನ ಜಾಹೀರಾತು. ಆಮೇಲೆ, ನಡುವಿನಿಂದಲೇ, ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು. ಮೊಣಕೈವರೆಗಿನ ಪಫ್ ತೋಳಿನ ರವಿಕೆ, ಲಂಗ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕ್ಯಾಮೆರಾ ಕಡೆ ನೋಡಬಾರದೆಂದು ಹೇಳಿಸಿಕೊಂಡೂ ನೋಡುತ್ತಿರುವ ಒಬ್ಬ ಹುಡುಗ. ಸೀರೆ ಉಟ್ಟ ಅಕ್ಕ ಒಗಟು ಕೇಳುತ್ತಿದ್ದಾರೆ. ಮೇಜಿನ ಹಿಂದಿನಿಂದ ಗೊಂಬೆ ಎದ್ದು ಬಂದು ತಪ್ಪು ಉತ್ತರ ಹೇಳುತ್ತದೆ.

ಗೊಂಬೆ ಹಸಿರಾಗಿದೆ, ಕೊಕ್ಕು ಕೆಂಪಗಿದೆ. ಅದು ಗಿಳಿ.

ಚಿಕ್ಕಮ್ಮನ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿವಿ. ಹಸಿರು ಅದರಲ್ಲಿ ಕಪ್ಪಾಗಿಯೇ ಕಂಡಿರಬೇಕು. ಮೊದಲ ಸಲ ನೋಡಿದ ಮಗು ಕಾಗೆ ಎಂದುಕೊಂಡಿತು, ಮುಂದೆ ಅದು ಕಾಗೆಯಾಗಿಯೇ ಉಳಿಯಿತು. ಕಾಗೆ ಎಂದು ಸಾಕ್ಷಿ ಹೇಳಿದ್ದ ಗೆಳೆಯರನ್ನೆಲ್ಲ ಮತ್ತೆ ಕೇಳಿದೆ, ನಿಮ್ಮ ಮನೆಯಲ್ಲಿ ಆಗ ಯಾವ ಟಿವಿ ಇತ್ತು ಎಂದು. ಎಲ್ಲರದೂ ಒಂದೇ ಉತ್ತರ. ಕೆಲವೇ ನಿಮಿಷಗಳ ತುಣುಕು ಅದು. ಶೀರ್ಷಿಕೆ ಇಲ್ಲ, ಕೊನೆಯಲ್ಲಿ ಹೆಸರುಗಳೂ ಇಲ್ಲ. ಅಕ್ಕ ಮುಂದಿನ ಒಗಟನ್ನು ಅರ್ಧ ಹೇಳುವಷ್ಟರಲ್ಲಿ ಟೇಪು ಮುಗಿಯುತ್ತದೆ. ಕಾರ್ಯಕ್ರಮದ ಹೆಸರಿನ ಹುಡುಕಾಟ ಇನ್ನೂ ನಡೆದಿದೆ.

ಓದುಗರಲ್ಲಿ ಒಂದು ಕೋರಿಕೆ. ಎಂಬತ್ತು, ತೊಂಬತ್ತರ ದಶಕದ ಮದುವೆ, ಉಪನಯನ, ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್‌ಗಳು ನಿಮ್ಮ ಅಟ್ಟದಲ್ಲೋ ಬೀರುವಿನ ತಳದಲ್ಲೋ ಇದ್ದರೆ ಈಗಲೇ ಹೊರಗೆ ತೆಗೆಯಿರಿ. ಕಿಟಕಿಯಂಥ ಪ್ಲಾಸ್ಟಿಕ್ಕಿನೊಳಗೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಸು. ಮಲೆನಾಡು, ಕರಾವಳಿಯಲ್ಲಂತೂ ಇದು ಸಾಮಾನ್ಯ. ಅಂಥದ್ದನ್ನು ಯಂತ್ರಕ್ಕೆ ಹಾಕಬೇಡಿ, ಟೇಪೂ ಹೋಗುತ್ತದೆ, ಯಂತ್ರವೂ ಕೆಡುತ್ತದೆ. ಸ್ವಚ್ಛ ಮಾಡಬಲ್ಲವರ ಕೈಗೆ ಕೊಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈ ತೊಳೆದುಕೊಂಡಿತು. ಓಡುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಮುಂದೂಡುತ್ತ ಕೂರಲು ಸಮಯವಿಲ್ಲ. ಮತ್ತೆ ಡಿಜಿಟಲ್ ಮಾಡುವ ಅಂಗಡಿಯವರಿಗೆ ಮೊದಲೇ ಹೇಳಿಡಿ: ಮದುವೆ ಮುಗಿದ ಕೂಡಲೇ ನಿಲ್ಲಿಸಬೇಡಿ, ಟೇಪು ಕೊನೆಯವರೆಗೂ ಓಡಲಿ.